ಸೆಂಟ್ರಿಂಗ್ ಸಾಮಾನು ಹಂಚಿಕೊಂಡರೆ

ನಮ್ಮ ಗಡಿ ಊರುಗಳ ಸಣ್ಣ ಕಟ್ಟಡ ಗುತ್ತಿಗೆದಾರರ ಹಣ ಸಿಕ್ಕಿಕೊಳ್ಳುವುದು ಸೆಂಟ್ರಿಂಗ್ ಸಾಮಾನಿನಲ್ಲಿ. ಐಎಸ್ 456 ಪ್ರಕಾರ, ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಸ್ಲ್ಯಾಬಿಗೆ ಆಧಾರಗಳ ಅಂತರ 4.5 ಮೀಟರ್‌ವರೆಗಿದ್ದರೆ ಕನಿಷ್ಠ 7 ದಿನ, ಹೆಚ್ಚಿದ್ದರೆ 14 ದಿನ ಕೆಳಗಿನ ಜಾಕಿ ತೆಗೆಯುವಂತಿಲ್ಲ. ಮಿಶ್ರ ಸಿಮೆಂಟಾದರೆ ಇನ್ನೂ ಕಾಯಬೇಕು. ಒಂದೇ ಸೆಟ್ ಇದ್ದವರ ಮುಂದಿನ ಕೆಲಸ ಅಲ್ಲಿಗೆ ನಿಂತಿತು. ಅವಸರಪಟ್ಟು ಬಿಚ್ಚಿದರೆ ಸ್ಲ್ಯಾಬೇ ಕುಸಿಯಬಹುದು, ಕೆಳಗೆ ಕೆಲಸದವರಿರುತ್ತಾರೆ. ಅದೇ ಹೊತ್ತಿಗೆ ಪಕ್ಕದೂರಿನವರ ಶೀಟುಗಳು, ಗೋಡೆ ಏಳುವವರೆಗೆ, ಸುಮ್ಮನೆ ಬಿದ್ದಿರುತ್ತವೆ!

ಕಾಂಕ್ರೀಟ್ ಹಾಕುವ ದಿನಗಳನ್ನು ಮೊದಲೇ ಹೇಳಿಕೊಂಡರೆ ಒಬ್ಬರ ಸಾಮಾನು ಇನ್ನೊಬ್ಬರಿಗೆ ಒದಗುತ್ತದೆ. ಎಷ್ಟೇ ಸ್ನೇಹವಿರಲಿ, ಎಣಿಕೆ, ಬಾಡಿಗೆ, ಹಾನಿಯ ಲೆಕ್ಕ ಬರವಣಿಗೆಯಲ್ಲಿರಲಿ. ರಾಜ್ಯದ ಗಡಿ ದಾಟಿಸುವುದಾದರೆ ಜಿಎಸ್‌ಟಿ ಕಾಗದಗಳ ಬಗ್ಗೆ ನಿಮ್ಮ ಆಡಿಟರನ್ನು ಕೇಳಿ ಹೊರಡಿಸಿ. ಸಾಮಾನು ಬಿಡುವಿರುವ ದಿನಗಳನ್ನು ನಿಮ್ಮೂರ ಘಟಕದ ಕಾರ್ಯದರ್ಶಿಗಳಿಗೆ ತಿಳಿಸಿ.