ಮದ್ದಿಗೊಂದು ಆಸರೆ

ಎಚ್‌ಐವಿ ಎಂಬ ವೈರಾಣು ದೇಹದ ರೋಗನಿರೋಧಕ ಶಕ್ತಿಯನ್ನು ಕ್ರಮೇಣ ಕುಂದಿಸುತ್ತದೆ. ಅದನ್ನು ಪೂರ್ಣವಾಗಿ ತೊಲಗಿಸಲಾಗದಿದ್ದರೂ ಅಡಗಿಸಿಡಬಲ್ಲ ಎ.ಆರ್.ಟಿ. ಎಂಬ ಚಿಕಿತ್ಸೆಯನ್ನು ಭಾರತ ಸರ್ಕಾರವು 2004ರ ಏಪ್ರಿಲ್‌ನಿಂದ ಉಚಿತವಾಗಿ ನೀಡುತ್ತಿದೆ. ಆದರೆ ಮದ್ದು ದೊರೆತರಷ್ಟೇ ಸಾಲದು. ಅದನ್ನು ದಿನವೂ, ಜೀವಮಾನವಿಡೀ ಸೇವಿಸಬೇಕು.

ಹಾಗೆ ಸೇವಿಸಿದರೆ ಸಾಮಾನ್ಯವಾಗಿ ಕೆಲವು ತಿಂಗಳುಗಳಲ್ಲಿ ರಕ್ತದಲ್ಲಿನ ವೈರಾಣುಗಳ ಸಂಖ್ಯೆಯು ಪರೀಕ್ಷೆಗೂ ಸಿಕ್ಕದಷ್ಟು ತಗ್ಗುತ್ತದೆ. ಆ ಸ್ಥಿತಿ ಉಳಿದಿರುವವರೆಗೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ತಗಲುವುದಿಲ್ಲ. ಮಾತ್ರೆ ಪದೇ ಪದೇ ತಪ್ಪಿದರೆ ಜೀವಕೋಶಗಳಲ್ಲಿ ಹುದುಗಿದ್ದ ವೈರಾಣು ಮತ್ತೆ ತಲೆಯೆತ್ತುತ್ತದೆ. ಮದ್ದಿಗೆ ಮಣಿಯದ ಬಗೆಯೂ ಹುಟ್ಟಬಹುದು.

ಮಾತ್ರೆ ತಪ್ಪಲು ಮರೆವೊಂದೇ ಕಾರಣವಲ್ಲ. ಗುರುತಿನವರು ಕಂಡಾರೆಂದು ಅಂಜಿ, ಹತ್ತಿರದ ಚಿಕಿತ್ಸಾ ಕೇಂದ್ರವನ್ನು ಬಿಟ್ಟು ದೂರದೂರಿಗೆ ಹೋಗುವವರುಂಟು. ಅವರಿಗೆ ಅಂದಿನ ಕೂಲಿಯೂ ಇಲ್ಲ, ಬಸ್ಸಿನ ಖರ್ಚು ಬೇರೆ. ಮೈ ಚೇತರಿಸಿಕೊಂಡೊಡನೆ ಇನ್ನೇಕೆ ಮದ್ದು ಎನ್ನುವವರೂ ಉಂಟು. ಮನೆಮಂದಿಯ ಕಣ್ಣು ತಪ್ಪಿಸಿ ಮಾತ್ರೆ ನುಂಗಬೇಕಾದವರಿಗೆ ನೆಂಟರ ಮನೆಯ ಮದುವೆಯೂ ಸಂಕಟವೇ.

ಇಂಥವರನ್ನು ಗದರಿಸಿ ಫಲವಿಲ್ಲ. ಮನೆಯಲ್ಲಿ ಒಬ್ಬರಾದರೂ ವಿಷಯವನ್ನರಿತು ಹೊತ್ತಿಗೆ ನೆನಪಿಸಬೇಕು. ಚಿಕಿತ್ಸೆ ಬಿಟ್ಟವರು ಮರಳಿ ಬಂದಾಗ ಆಪ್ತಸಮಾಲೋಚಕರು ಆದರದಿಂದ ಕಾಣಬೇಕು. ತಿಳಿದವರು ಗುಟ್ಟನ್ನು ಕಾಯಬೇಕು. ಸೋಂಕಿತರ ಬಗೆಗಿನ ತಾರತಮ್ಯವನ್ನು 2017ರ ಕಾಯಿದೆಯು ನಿಷೇಧಿಸಿದೆ. ಕಾಯಿದೆಯು ತಂದುಕೊಡಲಾರದ ಧೈರ್ಯವನ್ನು ಕೊಡಬೇಕಾದವರು ನೆರೆಹೊರೆಯವರಾದ ನಾವು.