ನಗರ ಜನಸಂಖ್ಯೆಯ ಬದಲಾವಣೆ: ವಯೋರಚನೆ ಮತ್ತು ವಲಸೆ

ನಗರದ ಜನಸಂಖ್ಯೆಯು ಜನನ-ಮರಣಗಳ ವ್ಯತ್ಯಾಸದಿಂದ, ವಲಸೆಯಿಂದ ಹಾಗೂ ಕೆಲವೊಮ್ಮೆ ಗಡಿ ವಿಸ್ತರಣೆಯಿಂದ ಬದಲಾಗುತ್ತದೆ. 2001ರ ಜನಗಣತಿಯಲ್ಲಿ 65,37,124 ಇದ್ದ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆಯು 2011ರಲ್ಲಿ 96,21,551ಕ್ಕೆ ಏರಿತು. ಅದೇ ಅವಧಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆಯು ಅಲ್ಪ ಪ್ರಮಾಣದಲ್ಲಿ ಇಳಿಯಿತು.

ಈ ಅಂತರವನ್ನು ಜನನ ಪ್ರಮಾಣವೊಂದರಿಂದಲೇ ವಿವರಿಸಲಾಗದು. ಉದ್ಯೋಗ, ವಿದ್ಯಾಭ್ಯಾಸ ಹಾಗೂ ವಿವಾಹದ ನಿಮಿತ್ತ ನಗರಕ್ಕೆ ಬರುವವರಲ್ಲಿ ಹೆಚ್ಚಿನವರು ಯುವಜನರು. ಪ್ರತಿ ದಂಪತಿಗೆ ಮಕ್ಕಳು ಕಡಿಮೆಯಿದ್ದರೂ ದಂಪತಿಗಳ ಸಂಖ್ಯೆಯೇ ಅಧಿಕವಾಗಿರುವುದರಿಂದ ಒಟ್ಟು ಜನನಗಳು ಹೆಚ್ಚುತ್ತವೆ. ವೃದ್ಧರ ಪಾಲು ಕಡಿಮೆಯಿರುವುದರಿಂದ ಸಾವಿರ ಜನರಿಗೆ ಲೆಕ್ಕ ಹಾಕಿದ ಮರಣ ಪ್ರಮಾಣವೂ ತಗ್ಗಿ ಕಾಣುತ್ತದೆ. ಇದನ್ನು ನಗರದ ಉತ್ತಮ ಆರೋಗ್ಯದ ಗುರುತೆಂದಷ್ಟೇ ಭಾವಿಸುವುದು ಸರಿಯಲ್ಲ. ಯುವಜನರನ್ನು ಕಳುಹಿಸಿದ ಗ್ರಾಮಗಳಲ್ಲಿ ವೃದ್ಧರ ಪಾಲು ಹೆಚ್ಚುತ್ತದೆ, ಶಾಲೆಗೆ ಸೇರುವ ಮಕ್ಕಳು ಕಡಿಮೆಯಾಗುತ್ತಾರೆ.

ಅರ್ಜಿದಾರರು ಗಮನಿಸಬೇಕಾದ ಅಂಶವೊಂದಿದೆ. ಜನನ ಮರಣ ನೋಂದಣಿ ಅಧಿನಿಯಮ, 1969ರ ಅನ್ವಯ ಜನನವು ಸಂಭವಿಸಿದ ಸ್ಥಳದಲ್ಲಿಯೇ ನೋಂದಣಿಯಾಗುತ್ತದೆ. ತಂದೆ ತಾಯಿಯ ವಾಸಸ್ಥಳದಲ್ಲಿ ಅಲ್ಲ. ಮಾಗಡಿ ತಾಲ್ಲೂಕಿನ ಗ್ರಾಮವೊಂದರ ತಾಯಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆ ಜನನವು ಬೆಂಗಳೂರಿನ ನೋಂದಣಿ ಪುಸ್ತಕಕ್ಕೆ ಸೇರುತ್ತದೆ. ಮಗುವಿನ ಪ್ರಮಾಣಪತ್ರವನ್ನೂ ಅಲ್ಲಿನ ನೋಂದಣಾಧಿಕಾರಿಯವರಿಂದಲೇ ಪಡೆಯತಕ್ಕದ್ದು. ಹೀಗಾಗಿ ದೊಡ್ಡ ಆಸ್ಪತ್ರೆಗಳಿರುವ ನಗರಗಳ ಜನನ ಸಂಖ್ಯೆಯು ವಾಸ್ತವಕ್ಕಿಂತ ಹೆಚ್ಚಾಗಿಯೂ, ಸುತ್ತಲಿನ ತಾಲ್ಲೂಕುಗಳದ್ದು ಕಡಿಮೆಯಾಗಿಯೂ ತೋರುವುದುಂಟು. ಇದನ್ನು ಸರಿದೂಗಿಸಲೆಂದೇ ಜನನ ವರದಿ ನಮೂನೆಯಲ್ಲಿ ತಾಯಿಯ ವಾಸಸ್ಥಳವನ್ನು ಪ್ರತ್ಯೇಕವಾಗಿ ಕೇಳಲಾಗುತ್ತದೆ. ಅಲ್ಲಿ ಆಸ್ಪತ್ರೆಯ ಅಥವಾ ನಗರದಲ್ಲಿರುವ ಬಂಧುಗಳ ವಿಳಾಸವನ್ನು ಬರೆಸದೆ, ತಾಯಿಯು ಸಾಮಾನ್ಯವಾಗಿ ವಾಸಿಸುವ ಗ್ರಾಮ ಅಥವಾ ಪಟ್ಟಣದ ಹೆಸರನ್ನೇ ಬರೆಸತಕ್ಕದ್ದು.