ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಎಷ್ಟು ದೂರ?



ಬೆಜವಾಡಕ್ಕೆ ಮದುವೆಗೋ ಪರೀಕ್ಷೆಗೋ ಹೊರಡುವಾಗ ವಿಮಾನವೋ ರೈಲೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ನಡೆದೇ ನಡೆಯುತ್ತದೆ. ಹೊತ್ತು ಉಳಿಯುತ್ತದೆ ಎನ್ನುವವರು ನೀವು. ದುಡ್ಡು ಎಣಿಸುವವರು ಅಪ್ಪ. ಈ ಸಲ ನೀವೇ ಲೆಕ್ಕ ಹಾಕಿ ನೋಡಿ.

ಭೂಪಟ ತೆಗೆಯಿರಿ. ವಿಶಾಖಪಟ್ಟಣ ವಿಜಯವಾಡಕ್ಕಿಂತ 1.2 ಡಿಗ್ರಿ ಉತ್ತರಕ್ಕೆ, 2.6 ಡಿಗ್ರಿ ಪೂರ್ವಕ್ಕೆ ಇದೆ. ಉತ್ತರ-ದಕ್ಷಿಣದ ಒಂದು ಡಿಗ್ರಿ ಎಂದರೆ 111 ಕಿ.ಮೀ. ನಮ್ಮ ಅಕ್ಷಾಂಶದಲ್ಲಿ ಪೂರ್ವ-ಪಶ್ಚಿಮದ ಡಿಗ್ರಿ ತುಸು ಕುಗ್ಗಿ 106 ಕಿ.ಮೀ. ಆಗುತ್ತದೆ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಉಪಯೋಗಿಸಿದರೆ ಉತ್ತರ 300 ಕಿ.ಮೀ.ಗೆ ಸ್ವಲ್ಪ ಹೆಚ್ಚು. ರೈಲುಹಾದಿ ಸುಮಾರು 350 ಕಿ.ಮೀ. ಅಂದರೆ ಹಕ್ಕಿಯ ಹಾದಿಗಿಂತ ಐವತ್ತೇ ಹೆಚ್ಚು!

ನೇರ ವಿಮಾನ ಸಿಕ್ಕರೆ ಹಾರಾಟ ಒಂದು ಗಂಟೆ. ಆದರೆ ಮನೆಯಿಂದ ನಿಲ್ದಾಣಕ್ಕೆ, ಅಲ್ಲಿ ತಪಾಸಣೆ, ಕಾಯುವಿಕೆ, ಇಳಿದ ಮೇಲೆ ಗನ್ನವರಂನಿಂದ ಊರಿಗೆ ಇಪ್ಪತ್ತು ಕಿ.ಮೀ. – ಎಲ್ಲ ಸೇರಿ ನಾಲ್ಕು ಗಂಟೆ ಆಗಿಯೇ ಆಗುತ್ತದೆ. ನೇರ ವಿಮಾನವಿಲ್ಲದೆ ಹೈದರಾಬಾದಿನ ಮೇಲೆ ಹೋದರಂತೂ ಬೆಜವಾಡವನ್ನು ದಾಟಿ ಹೋಗಿ ಹಿಂದಕ್ಕೆ ಬಂದಂತೆ. 2023ರ ಜನವರಿಯಲ್ಲಿ ಆರಂಭವಾದ ವಂದೇ ಭಾರತ್ ರೈಲು ಇದೇ ದೂರವನ್ನು ನಾಲ್ಕು ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತದೆ. ಹಳೆಯ ರತ್ನಾಚಲ್‌ಗೆ ಆರು ಗಂಟೆ ಬೇಕು.

ನನ್ನ ಮತ ರೈಲಿಗೇ. ಕಾರಣ ಟಿಕೆಟ್ಟಿನ ದರವೊಂದೇ ಅಲ್ಲ. "ನೀವು ಇಲ್ಲಿಯವರಲ್ಲವಲ್ಲ" ಎಂದು ಸಹಪಾಠಿಗಳು ಕೇಳಿದಾಗ ಉತ್ತರ ತೋಚದೆ ಸುಮ್ಮನಾಗುವವರು ನಿಮ್ಮಲ್ಲಿದ್ದೀರಿ. ಉತ್ತರ ಈ ಹಾದಿಯ ಪಕ್ಕದಲ್ಲೇ ಇದೆ.

ರಾಜಮಹೇಂದ್ರಿಯಲ್ಲಿ ಗೋದಾವರಿ ದಾಟುವಾಗ, 1900ರಿಂದ 1997ರವರೆಗೆ ರೈಲುಗಳನ್ನು ಹೊತ್ತ ಹ್ಯಾವ್‌ಲಾಕ್ ಸೇತುವೆಯನ್ನು ಎಲ್ಲರೂ ನೋಡುತ್ತಾರೆ. ನೀವು ಇನ್ನೊಂದನ್ನೂ ನೆನೆಯಿರಿ. ಇದೇ ಊರಿನ ಅರಸ ರಾಜರಾಜ ನರೇಂದ್ರನ ಆಸ್ಥಾನದಲ್ಲಿ ನನ್ನಯ ಮಹಾಭಾರತವನ್ನು ತೆಲುಗಿಗೆ ತಂದ. ಅವನಿಗೆ ನೆರವಾದ ನಾರಾಯಣಭಟ್ಟ ಕನ್ನಡದಲ್ಲೂ ಕವಿ ಎನ್ನುತ್ತದೆ ನಂದಂಪೂಡಿ ಶಾಸನ. ಮುಂದೆ ಏಲೂರು. ಅದರ ಹತ್ತಿರದ ಪೆದವೇಗಿಯೇ ಹಿಂದಿನ ವೆಂಗಿ. ಏಳನೆಯ ಶತಮಾನದಲ್ಲಿ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ ಕುಬ್ಜ ವಿಷ್ಣುವರ್ಧನ ಇಲ್ಲಿ ಚಾಲುಕ್ಯರ ಇನ್ನೊಂದು ಮನೆತನವನ್ನೇ ನೆಲೆಗೊಳಿಸಿದ. ಇನ್ನು ನಮ್ಮ ಆದಿಕವಿ ಪಂಪ? ಅವನ ಹಿರಿಯರು ಇದೇ ವೆಂಗಿನಾಡಿನವರು. ಕನ್ನಡನಾಡಿಗೆ ಹೋದವರ ಮಗ ಅವನು, ನೀವು ಅಲ್ಲಿಂದ ಬಂದವರ ಮಕ್ಕಳು.

ವಿಮಾನದ ಕಿಟಕಿಯಿಂದ ಏಲೂರು ಮೋಡದಡಿ ಕಳೆದುಹೋಗುತ್ತದೆ. ರೈಲಿನಲ್ಲಾದರೆ ಫಲಕ ಓದಲು ಸಿಗುತ್ತದೆ, ನಿದ್ದೆ ಮಾಡದಿದ್ದರೆ!

ವಿಜಯವಾಡದಲ್ಲಿ ಇಳಿದ ಮೇಲೆ ಸಂಜೆ ಒಂದರ್ಧ ಗಂಟೆ ಬಿಡುವಿದ್ದರೆ ಪ್ರಕಾಶಂ ಬ್ಯಾರೇಜಿಗೆ ಹೋಗಿ ಬನ್ನಿ. ಅಲ್ಲಿ ನಿಂತಿರುವ ಕೃಷ್ಣೆ, ಆಲಮಟ್ಟಿಯನ್ನು ದಾಟಿ, ದಾರಿಯಲ್ಲಿ ತುಂಗಭದ್ರೆಯನ್ನು ಕೂಡಿಸಿಕೊಂಡು ಬಂದವಳು.